ಶೈಶವದ ಸಂಕಟವೂ ಮಿದುಳಿನ ಬೆಳವಣಿಗೆಯೂ

ಹಸುವಿನ ಕರು ಹುಟ್ಟಿದ ಒಂದೆರಡು ಗಂಟೆಗಳಲ್ಲಿಯೇ ಎದ್ದು ನಿಲ್ಲುತ್ತದೆ. ತಡವರಿಸುತ್ತ ತಾಯಿಯ ಕೆಚ್ಚಲನ್ನು ಹುಡುಕಿಕೊಳ್ಳುತ್ತದೆ. ಕೋಳಿಯ ಮರಿ ಮೊಟ್ಟೆಯೊಡೆದು ಬಂದ ಒಂದೆರಡು ದಿನಗಳಲ್ಲಿ ಕಾಳನ್ನು ತಾನೇ ಹೆಕ್ಕಬಲ್ಲದು. ಮನುಷ್ಯನ ಮಗುವಾದರೋ ತನ್ನ ಕತ್ತನ್ನು ನೆಟ್ಟಗೆ ನಿಲ್ಲಿಸಬೇಕಾದರೆ ಕೆಲವು ತಿಂಗಳುಗಳೇ ಬೇಕು. ನಡೆಯಲು ಸುಮಾರು ಒಂದು ವರ್ಷ ಬೇಕು. ಪ್ರಾಣಿಗಳಲ್ಲೆಲ್ಲ ಬುದ್ಧಿಶಾಲಿಯೆನಿಸಿಕೊಂಡ ಮಾನವನ ಸಂತಾನ ಇಷ್ಟೊಂದು ಅಸಹಾಯವಾಗಿ ಜನಿಸುವುದೇಕೆ? ಇದಕ್ಕೆ ಉತ್ತರ ಬಹುಮಟ್ಟಿಗೆ ಮಿದುಳಿನಲ್ಲಿದೆ. ನವಜಾತ ಶಿಶುವಿನ ಮಿದುಳಿನ ತೂಕ ಸುಮಾರು 350ರಿಂದ 400 ಗ್ರಾಂ. ಪ್ರಾಯಕ್ಕೆ ಬಂದವರ ಮಿದುಳಿನ ತೂಕ ಸುಮಾರು 1300ರಿಂದ 1400 ಗ್ರಾಂ. ಎಂದರೆ ಮಾನವನ ಮಿದುಳಿನ ಬೆಳವಣಿಗೆಯಲ್ಲಿ ಹೆಚ್ಚುಕಡಮೆ ಮುಕ್ಕಾಲು ಪಾಲು ನಡೆಯುವುದು ತಾಯಿಯ ಗರ್ಭದಿಂದ ಹೊರಬಂದ ಮೇಲೆ. ಅದರಲ್ಲಿಯೂ ಬಹುಭಾಗ ಮೊದಲ ಎರಡು ಮೂರು ವರ್ಷಗಳಲ್ಲಿಯೇ ಮುಗಿದುಹೋಗುತ್ತದೆ.

ಶಿಶು ಹುಟ್ಟುವ ವೇಳೆಗೆ ಅದರ ಮಿದುಳಿನ ನರಕೋಶಗಳಲ್ಲಿ ಹೆಚ್ಚಿನವು ಸಿದ್ಧವಾಗಿರುತ್ತವೆ. ತರುವಾಯ ಬೆಳೆಯುವುದು ಮುಖ್ಯವಾಗಿ ಅವುಗಳ ನಡುವಣ ಸಂಬಂಧ. ಒಂದೊಂದು ನರಕೋಶವೂ ಮರದ ಕೊಂಬೆಗಳಂತೆ ಕವಲುಗಳನ್ನು ಚಾಚಿ ಇತರ ಸಾವಿರಾರು ಕೋಶಗಳೊಡನೆ ಸಂಧಿಗಳನ್ನು ಏರ್ಪಡಿಸಿಕೊಳ್ಳುತ್ತದೆ. ಮೊದಮೊದಲು ಈ ಸಂಧಿಗಳು ಅಗತ್ಯಕ್ಕಿಂತ ಹೆಚ್ಚಾಗಿಯೇ ಹುಟ್ಟಿಕೊಳ್ಳುತ್ತವೆ. ಮತ್ತೆ ಮತ್ತೆ ಬಳಕೆಯಾದವು ಬಲಗೊಂಡು ಉಳಿಯುತ್ತವೆ, ಬಳಕೆಯಾಗದವು ಕ್ರಮೇಣ ಅಳಿದುಹೋಗುತ್ತವೆ. ಬಯಲಿನಲ್ಲಿ ಕಾಲುದಾರಿ ಮೂಡುವ ಬಗೆಯೂ ಇದೇ ಅಲ್ಲವೆ? ಜನ ನಡೆದಾಡಿದಲ್ಲಿ ದಾರಿ ಗಟ್ಟಿಯಾಗುತ್ತದೆ. ನಡೆಯದ ಕಡೆ ಹುಲ್ಲು ಮುಚ್ಚಿಕೊಳ್ಳುತ್ತದೆ. ಹೀಗೆ ಪ್ರಕೃತಿಯು ಮಾನವನ ಮಿದುಳನ್ನು ಅರೆಯಾಗಿ ಕಟ್ಟಿ, ಉಳಿದುದನ್ನು ಅನುಭವದ ಕೈಗೆ ಒಪ್ಪಿಸಿದೆ. ಈ ಏರ್ಪಾಟಿನಿಂದ ಲಾಭವೂ ಉಂಟು, ಅಪಾಯವೂ ಉಂಟು. ಮಗು ತಾನು ಹುಟ್ಟಿದ ಲೋಕದ ನುಡಿಗೂ ನಡೆಗೂ ಸುಲಭವಾಗಿ ಹೊಂದಿಕೊಳ್ಳುತ್ತದೆಂಬುದು ಲಾಭ. ಆ ಲೋಕ ಕ್ರೂರವಾಗಿದ್ದರೆ, ಇಲ್ಲವೆ ಅತ್ತಾಗ ಬಂದು ಎತ್ತಿಕೊಳ್ಳುವವರೇ ಅಲ್ಲಿ ಇಲ್ಲದಿದ್ದರೆ, ಮಿದುಳು ಅದಕ್ಕೂ ಹೊಂದಿಕೊಂಡುಬಿಡುತ್ತದೆಂಬುದು ಅಪಾಯ. ಅಂಥ ಹೊಂದಾಣಿಕೆಗೆ ಮಗು ತೆರುವ ಬೆಲೆಯೇನು, ಅದನ್ನು ತರುವಾಯ ತಿದ್ದಲು ಸಾಧ್ಯವೆ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಅಪಾಯದ ಕರೆ

ಹಾದಿಯಲ್ಲಿ ನಡೆಯುವಾಗ ಕಾಲ ಬಳಿ ಹಾವೊಂದು ಸುಳಿಯಿತೆಂದು ಇಟ್ಟುಕೊಳ್ಳೋಣ. ಅದು ನಾಗರವೋ ಕೇರೆಯೋ ಎಂದು ನಾವು ಯೋಚಿಸುವ ಮೊದಲೇ ಕಾಲು ಹಿಂದಕ್ಕೆ ಸರಿದಿರುತ್ತದೆ, ಎದೆ ಡವಗುಟ್ಟತೊಡಗಿರುತ್ತದೆ. ಈ ಎಚ್ಚರಿಕೆಯ ಕರೆಯನ್ನು ಕೊಡುವುದರಲ್ಲಿ ಮಿದುಳಿನ ಆಳದಲ್ಲಿರುವ ಅಮಿಗ್ಡಲ ಎಂಬ ಭಾಗವು ಮುಖ್ಯವಾದುದು. ಬಾದಾಮಿಯ ಆಕಾರವಿರುವುದರಿಂದ ಅದಕ್ಕೆ ಆ ಗ್ರೀಕ್ ಮೂಲದ ಹೆಸರು ಬಂದಿದೆ. ಅದರ ಕರೆ ಹೈಪೊಥಲಾಮಸ್ ಎಂಬ ಭಾಗವನ್ನು ಮುಟ್ಟುತ್ತದೆ. ಹೈಪೊಥಲಾಮಸ್ ತನ್ನ ಕೆಳಗಿರುವ ಪಿಟ್ಯುಟರಿ ಗ್ರಂಥಿಯನ್ನು ಎಚ್ಚರಿಸುತ್ತದೆ. ಪಿಟ್ಯುಟರಿಯು ಒಂದು ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳನ್ನು ಅದು ತಲಪಿದಾಗ ಅವು ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನನ್ನು ಸ್ರವಿಸುತ್ತವೆ. ಕಾರ್ಟಿಸಾಲ್ ರಕ್ತದಲ್ಲಿನ ಸಕ್ಕರೆಯನ್ನು ಏರಿಸಿ, ಓಡಲು ಇಲ್ಲವೆ ಎದುರಿಸಲು ಬೇಕಾದ ಶಕ್ತಿಯನ್ನು ಒದಗಿಸುತ್ತದೆ. ಬೆಳವಣಿಗೆಯೇ ಮೊದಲಾದ ನಿಧಾನದ ಕೆಲಸಗಳನ್ನು ಸದ್ಯಕ್ಕೆ ತಡೆಹಿಡಿಯುತ್ತದೆ. ದೇಹದ ಇಂಥ ಸ್ಥಿತಿಯನ್ನೇ ನಾವು ಇಲ್ಲಿ ಒತ್ತಡವೆಂದು ಕರೆಯುತ್ತೇವೆ.

ಹಾವು ಸರಿದುಹೋದ ಮೇಲೆ ಈ ಸನ್ನಾಹ ನಿಲ್ಲಬೇಕು. ನಿಲ್ಲಿಸುವ ಕೆಲಸವನ್ನು ಮಾಡುವುದೂ ಕಾರ್ಟಿಸಾಲೇ. ಅದು ರಕ್ತದೊಡನೆ ಮಿದುಳಿಗೆ ಹಿಂದಿರುಗಿ, ನೆನಪಿಗೆ ನೆಲೆಯಾದ ಹಿಪ್ಪೊಕ್ಯಾಂಪಸ್ ಮುಂತಾದ ಭಾಗಗಳ ನರಕೋಶಗಳಲ್ಲಿರುವ ಗ್ರಾಹಕಗಳಿಗೆ ಅಂಟಿಕೊಂಡಾಗ 'ಇನ್ನು ಸಾಕು' ಎಂಬ ಸೂಚನೆ ಹೊರಡುತ್ತದೆ. ಕೆರೆಯ ತೂಬನ್ನು ತೆರೆದು ಗದ್ದೆಗೆ ನೀರು ಬಿಟ್ಟ ನೀರುಗಂಟಿಯು ಗದ್ದೆ ತುಂಬಿದುದನ್ನು ಕಂಡು ತೂಬನ್ನು ಮುಚ್ಚುವಂತೆಯೇ ಇದು. ನೀರುಗಂಟಿ ಮೈಮರೆತರೆ ಕೆರೆ ಬರಿದಾಗುತ್ತದೆ, ಪೈರು ಕೊಳೆಯುತ್ತದೆ. ಅದರಂತೆ ಗ್ರಾಹಕಗಳು ಕಡಮೆಯಾದರೆ ಸಣ್ಣ ಭಯಕ್ಕೂ ಕಾರ್ಟಿಸಾಲ್ ಉಕ್ಕಿ ಹರಿಯುತ್ತದೆ, ಬೇಗ ಇಳಿಯುವುದಿಲ್ಲ.

ಹೀಗೆಂದು ಒತ್ತಡವೆಲ್ಲವೂ ಕೆಡುಕೆಂದು ತಿಳಿಯಬಾರದು. ಚುಚ್ಚುಮದ್ದಿನ ನೋವಿಗೆ ಮಗು ಕಿರುಚುತ್ತದೆ. ತಾಯಿ ಎತ್ತಿಕೊಂಡು ಬೆನ್ನು ಸವರಿದರೆ ಕೆಲವೇ ನಿಮಿಷಗಳಲ್ಲಿ ಸುಮ್ಮನಾಗುತ್ತದೆ. ತೂಬು ತೆರೆಯಿತು, ಮುಚ್ಚಿತು. ಮಗುವಿಗೆ ಅಷ್ಟರ ಮಟ್ಟಿಗೆ ಅಭ್ಯಾಸವೂ ಆಯಿತು. ಎಳೆಯ ಮಗುವಿನಲ್ಲಿ ಈ ತೂಬನ್ನು ಮುಚ್ಚುವ ಕೈ ಬಹುಮಟ್ಟಿಗೆ ಅದರ ಮೈಯೊಳಗಿಲ್ಲ, ಅದನ್ನು ಎತ್ತಿಕೊಳ್ಳುವವರಲ್ಲಿದೆ ಎಂಬುದನ್ನು ನಾವು ಮುಖ್ಯವಾಗಿ ಗಮನಿಸಬೇಕು. ತೆರೆದ ತೂಬನ್ನು ಮುಚ್ಚುವವರು ತಿಂಗಳುಗಟ್ಟಲೆ ಬಾರದೆ ಹೋದಾಗಲೇ ಹಾನಿ ಮೊದಲಾಗುತ್ತದೆ.

ಅನ್ನವಷ್ಟೇ ಸಾಲದು

ಶಿಶುವಿಗೆ ಹಾಲು, ಶುಚಿತ್ವ, ಔಷಧ ಇವಿಷ್ಟು ದೊರೆತರೆ ಸಾಕೆಂಬ ನಂಬಿಕೆ ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಪ್ರಬಲವಾಗಿತ್ತು. ಸೋಂಕಿನ ಭಯದಿಂದ ಅನಾಥಾಲಯಗಳಲ್ಲಿ ಮಕ್ಕಳನ್ನು ಮುಟ್ಟುವುದನ್ನೇ ಕಡಮೆ ಮಾಡಿದ್ದರು. 1945ರಲ್ಲಿ ರೆನೆ ಸ್ಪಿಟ್ಜ್ ಎಂಬ ವೈದ್ಯನು ಎರಡು ಸಂಸ್ಥೆಗಳ ಶಿಶುಗಳನ್ನು ಹೋಲಿಸಿ ಬರೆದನು. ಒಂದು, ಶುಚಿಯಾದ ಅನಾಥಾಲಯ. ಅಲ್ಲಿ ಒಬ್ಬೊಬ್ಬ ದಾದಿಯ ಪಾಲಿಗೆ ಹಲವಾರು ಶಿಶುಗಳು. ಇನ್ನೊಂದು, ಸೆರೆಮನೆಯ ಶಿಶುಗೃಹ; ಅಲ್ಲಿ ಸೆರೆಯಲ್ಲಿದ್ದ ತಾಯಂದಿರೇ ತಮ್ಮ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಸೆರೆಮನೆಯ ಮಕ್ಕಳು ಸಾಮಾನ್ಯವಾಗಿ ಬೆಳೆದರು. ಅನಾಥಾಲಯದ ಮಕ್ಕಳು ಮಂಕಾದರು. ಹಲವರು ನಡೆಯಲೂ ಮಾತನಾಡಲೂ ಕಲಿಯಲಿಲ್ಲ. ಎರಡು ವರ್ಷಗಳೊಳಗೆ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಸೋಂಕುರೋಗಗಳಿಂದ ಸತ್ತೂಹೋದರು.

1958ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹ್ಯಾರಿ ಹಾರ್ಲೊ ತನ್ನ ಪ್ರಸಿದ್ಧ ಪ್ರಯೋಗವನ್ನು ಪ್ರಕಟಿಸಿದನು. ತಾಯಿಯಿಂದ ಬೇರ್ಪಡಿಸಿದ ಕೋತಿಮರಿಗಳ ಮುಂದೆ ಎರಡು ಬೊಂಬೆಗಳನ್ನು ಇಟ್ಟಿದ್ದನು: ಒಂದು ಬರಿಯ ತಂತಿಯದು, ಇನ್ನೊಂದು ಮೆತ್ತನೆಯ ಬಟ್ಟೆ ಹೊದಿಸಿದ್ದು. ಹಾಲಿನ ಬುಡ್ಡಿಯನ್ನು ತಂತಿಯ ಬೊಂಬೆಗೇ ಕಟ್ಟಿದ್ದರೂ ಮರಿಗಳು ಕುಡಿದೊಡನೆ ಹಿಂದಿರುಗಿ ದಿನದ ಬಹುಭಾಗವನ್ನು ಬಟ್ಟೆಯ ಬೊಂಬೆಯನ್ನು ಅಪ್ಪಿಕೊಂಡು ಕಳೆಯುತ್ತಿದ್ದವು. ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ಬಟ್ಟೆಯ ತಾಯಿಯನ್ನು ಅಪ್ಪಿ ಬೆಳೆದ ಮರಿಗಳು ದೊಡ್ಡವಾದ ಮೇಲೆ ಇತರ ಕೋತಿಗಳೊಡನೆ ಬೆರೆಯಲಾರದೆ ಹೋದವು. ಹೆಣ್ಣುಗಳಲ್ಲಿ ಹಲವು ತಾವು ಹೆತ್ತ ಮರಿಗಳನ್ನು ಕಡೆಗಣಿಸಿದವು, ಕೆಲವು ಕಚ್ಚಿ ಹಿಂಸಿಸಿದವು. ಬೊಂಬೆ ಮೆತ್ತಗಿತ್ತು, ಆದರೆ ಮರಿಯ ಕೂಗಿಗೆ ಮರುದನಿಗೊಡುತ್ತಿರಲಿಲ್ಲ. ಇಂದು ನಾವು ಈ ಪ್ರಯೋಗದ ಕ್ರೌರ್ಯವನ್ನು ಒಪ್ಪಲಾರೆವು. ಆದರೂ ಅದು ಕಲಿಸಿದ ಪಾಠವನ್ನು ಅಲ್ಲಗಳೆಯುವಂತಿಲ್ಲ.

ಇಲಿಯ ಗೂಡಿನಲ್ಲಿ

ಆರೈಕೆಯ ಅಭಾವವು ಮಿದುಳಿನೊಳಗೆ ಏನು ಮಾಡುತ್ತದೆಂಬುದನ್ನು ತಿಳಿಯಲು ಇಲಿಗಳೇ ಹೆಚ್ಚಾಗಿ ನೆರವಾದವು. ದಿನವೂ ಸ್ವಲ್ಪ ಹೊತ್ತು ಮನುಷ್ಯರು ಕೈಯಲ್ಲೆತ್ತಿಕೊಂಡ ಇಲಿಮರಿಗಳು ದೊಡ್ಡವಾದ ಮೇಲೆ ಭಯವನ್ನು ಹೆಚ್ಚು ಸಮರ್ಥವಾಗಿ ಎದುರಿಸುತ್ತವೆಂದು 1957ರಲ್ಲಿ ಸೆಮೂರ್ ಲೆವೀನ್ ತೋರಿಸಿದ್ದನು. ಹದಿನೈದು ನಿಮಿಷದ ಅಗಲಿಕೆಯಿಂದ ಒಳಿತಾಗುವುದು ವಿಚಿತ್ರವಲ್ಲವೆ? ಮರಿ ಗೂಡಿಗೆ ಹಿಂದಿರುಗಿದೊಡನೆ ತಾಯಿ ಅದನ್ನು ಎಂದಿಗಿಂತ ಹೆಚ್ಚಾಗಿ ನೆಕ್ಕುತ್ತಾಳೆಂಬುದು ಮುಂದೆ ತಿಳಿದುಬಂದಿತು. ಒಳಿತನ್ನು ಮಾಡಿದ್ದು ಆ ನೆಕ್ಕುವಿಕೆ. ದಿನವೂ ಮೂರು ಗಂಟೆ ಅಗಲಿಸಿದಾಗ ಹಲವು ಪ್ರಯೋಗಗಳಲ್ಲಿ ಪರಿಣಾಮವು ತಿರುಗುಮುರುಗಾಗಿ, ಮರಿಗಳು ಹೆದರುಪುಕ್ಕಲುಗಳಾದವು.

ಕೆನಡಾದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಮೈಕೇಲ್ ಮೀನಿ ಮತ್ತು ಆತನ ಸಹೋದ್ಯೋಗಿಗಳು ಈ ಎಳೆಯನ್ನು ಹಿಡಿದು ಮುಂದೆ ಸಾಗಿದರು. ತಾಯಿಲಿಗಳಲ್ಲಿ ಕೆಲವು ಸಹಜವಾಗಿಯೇ ಮರಿಗಳನ್ನು ಹೆಚ್ಚಾಗಿ ನೆಕ್ಕುತ್ತವೆ, ಕೆಲವು ಕಡಮೆ. ಹೆಚ್ಚು ನೆಕ್ಕಿಸಿಕೊಂಡ ಮರಿಗಳು ಬೆಳೆದಾಗ ಅವುಗಳ ಹಿಪ್ಪೊಕ್ಯಾಂಪಸ್ಸಿನಲ್ಲಿ ಒತ್ತಡದ ಹಾರ್ಮೋನಿನ ಗ್ರಾಹಕಗಳು ಹೆಚ್ಚಾಗಿದ್ದವು. ಒತ್ತಡದ ಪ್ರತಿಕ್ರಿಯೆ ಮಿತವಾಗಿತ್ತು ಎಂದು 1997ರಲ್ಲಿ ಪ್ರಕಟವಾಯಿತು. ನಮ್ಮ ಉಪಮೆಯಲ್ಲಿ ಹೇಳುವುದಾದರೆ, ಅವುಗಳ ಮಿದುಳಿನಲ್ಲಿ ನೀರುಗಂಟಿಗಳು ಹೆಚ್ಚು ಮಂದಿ ಇದ್ದರು. ಇದು ತಾಯಿಯಿಂದ ಬಂದ ಅನುವಂಶಿಕ ಗುಣವಾಗಿರಬಾರದೇಕೆ ಎಂದು ವಾಚಕರು ಕೇಳಬಹುದು. 1999ರಲ್ಲಿ ಅದನ್ನೂ ಪರೀಕ್ಷಿಸಿದರು. ಕಡಮೆ ನೆಕ್ಕುವ ತಾಯಿಯ ಮರಿಯನ್ನು ಹುಟ್ಟಿದೊಡನೆ ಹೆಚ್ಚು ನೆಕ್ಕುವ ತಾಯಿಯ ಗೂಡಿಗೆ ಸೇರಿಸಿದರೆ, ಮರಿ ಹೆತ್ತವಳಂತಾಗದೆ ಸಾಕಿದವಳಂತೆಯೇ ಆಯಿತು.

ತಾಯಿಯ ನಾಲಗೆಯ ಸ್ಪರ್ಶವು ಮರಿಯ ನರಕೋಶದ ಒಳಹೊಕ್ಕು ನೆಲಸುವುದು ಹೇಗೆ? 2004ರಲ್ಲಿ ಇದೇ ತಂಡ ಒಂದು ಉತ್ತರವನ್ನು ಮುಂದಿಟ್ಟಿತು. ಪ್ರತಿಯೊಂದು ಕೋಶದಲ್ಲಿಯೂ ಅನುವಂಶಿಕ ವಿಷಯಗಳನ್ನೆಲ್ಲ ಬರೆದಿಟ್ಟ ಡಿ.ಎನ್.ಎ. ಇರುತ್ತದೆ. ಅದನ್ನು ಒಂದು ಓಲೆಗರಿಯ ಕಟ್ಟೆಂದು ಭಾವಿಸಿದರೆ, ಕೆಲವು ಗರಿಗಳನ್ನು ದಾರದಿಂದ ಬಿಗಿದಾಗ ಅಲ್ಲಿರುವ ಬರಹ ಅಳಿಯುವುದಿಲ್ಲ, ಆದರೆ ಓದಲು ಬಾರದು. ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುಂಪುಗಳು ಇಂಥ ದಾರದ ಕೆಲಸವನ್ನು ಮಾಡುತ್ತವೆ. ಕಡಮೆ ನೆಕ್ಕಿಸಿಕೊಂಡ ಮರಿಗಳಲ್ಲಿ ಗ್ರಾಹಕವನ್ನು ತಯಾರಿಸುವ ಜೀನಿನ ಬಳಿ ಈ ಕಟ್ಟು ಬಿಗಿಯಾಗಿತ್ತು. ಹೆಚ್ಚು ನೆಕ್ಕಿಸಿಕೊಂಡವುಗಳಲ್ಲಿ ಸಡಿಲವಾಗಿತ್ತು. ಈ ವ್ಯತ್ಯಾಸ ಮೂಡಿದ್ದು ಹುಟ್ಟಿದ ಮೊದಲ ವಾರದಲ್ಲಿ. ಇಲಿಯಲ್ಲಿ ಕಂಡುದೆಲ್ಲವನ್ನೂ ಮನುಷ್ಯನಿಗೆ ನೇರವಾಗಿ ಹೊಂದಿಸಲಾಗದು, ನಿಜ. ಆದರೂ ಬಾಲ್ಯದಲ್ಲಿ ಹಿಂಸೆಗೊಳಗಾಗಿ ಮುಂದೆ ಆತ್ಮಹತ್ಯೆ ಮಾಡಿಕೊಂಡವರ ಮಿದುಳುಗಳಲ್ಲಿ ಇದೇ ಬಗೆಯ ಗುರುತುಗಳು ಕಂಡುಬಂದುವೆಂದು 2009ರಲ್ಲಿ ಮಾಂಟ್ರಿಯಲ್ಲಿನ ವಿಜ್ಞಾನಿಗಳು ವರದಿ ಮಾಡಿದರು.

ನೆಮ್ಮದಿಯಿಲ್ಲದ ತಾಯಿ

ಇಷ್ಟನ್ನು ಓದಿದವರು ತಪ್ಪೆಲ್ಲ ತಾಯಿಯದೆಂಬ ನಿರ್ಣಯಕ್ಕೆ ಬಂದುಬಿಡಬಹುದು. ಆದುದರಿಂದ ಇನ್ನೊಂದು ಪ್ರಯೋಗವನ್ನು ಇಲ್ಲಿ ಹೇಳುವುದು ಅವಶ್ಯಕ. ಅದರ ಪಾತ್ರಧಾರಿಗಳು ನಮಗೆ ಪರಿಚಿತರೇ. ತಲೆಯ ಮೇಲೆ ಟೊಪ್ಪಿಗೆಯಂತೆ ಕೂದಲು ಹರಡಿಕೊಂಡು ನಮ್ಮ ದೇವಸ್ಥಾನಗಳ ಗೋಪುರಗಳಲ್ಲಿಯೂ ರಸ್ತೆಬದಿಯ ಮರಗಳಲ್ಲಿಯೂ ಕಾಣಸಿಗುವ ದಕ್ಷಿಣ ಭಾರತದ ಕೋತಿಯನ್ನು ಇಂಗ್ಲಿಷಿನಲ್ಲಿ ಬಾನೆಟ್ ಮಕಾಕ್ ಎನ್ನುತ್ತಾರೆ. ನ್ಯೂಯಾರ್ಕಿನಲ್ಲಿ ಲಿಯೊನಾರ್ಡ್ ರೋಸೆನ್‌ಬ್ಲಮ್ ಈ ಕೋತಿಗಳ ತಾಯಿಮರಿಗಳನ್ನು ಮೂರು ಗುಂಪು ಮಾಡಿದನು. ಮೊದಲ ಗುಂಪಿಗೆ ಆಹಾರ ಸದಾ ಸುಲಭವಾಗಿ ದೊರೆಯುತ್ತಿತ್ತು. ಎರಡನೆಯದಕ್ಕೆ ಸದಾ ಕಷ್ಟಪಟ್ಟು ಹುಡುಕಿ ತೆಗೆಯಬೇಕಾಗಿತ್ತು. ಮೂರನೆಯದಕ್ಕೆ ಕೆಲವು ಕಾಲ ಸುಲಭ, ಕೆಲವು ಕಾಲ ಕಷ್ಟ. ಮುಂದೇನೆಂದು ತಾಯಿಗೆ ತಿಳಿಯುತ್ತಿರಲಿಲ್ಲ. ಯಾವ ಗುಂಪಿಗೂ ಆಹಾರದ ಕೊರತೆಯಿರಲಿಲ್ಲ.

ಹೆಚ್ಚು ಕೆಟ್ಟುದು ಎರಡನೆಯ ಗುಂಪೆಂದು ನಾವು ಊಹಿಸಬಹುದು. ಆದರೆ 1984ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಕಂಡುದು ಬೇರೆ. ಹೆಚ್ಚು ಪುಕ್ಕಲಾಗಿ, ತಾಯಿಗೆ ಜೋತುಬಿದ್ದು, ಹೊಸತನ್ನು ಕಂಡರೆ ಮುದುಡಿಕೊಂಡವು ಮೂರನೆಯ ಗುಂಪಿನ ಮರಿಗಳು. ಅನಿಶ್ಚಯದಲ್ಲಿದ್ದ ತಾಯಂದಿರು ಸದಾ ಚಡಪಡಿಸುತ್ತ, ಮರಿಗಳ ಕಡೆ ಕೆಲವೊಮ್ಮೆ ಗಮನ ಕೊಡುತ್ತ ಕೆಲವೊಮ್ಮೆ ಕೊಡದೆ ಹೋಗುತ್ತಿದ್ದವು. ಈ ಮರಿಗಳು ಪ್ರಾಯಕ್ಕೆ ಬಂದ ಮೇಲೂ ಅವುಗಳ ಮಿದುಳುಬಳ್ಳಿಯ ದ್ರವದಲ್ಲಿ ಒತ್ತಡವನ್ನು ಮೊದಲು ಹೊರಡಿಸುವ ಹೈಪೊಥಲಾಮಸ್ಸಿನ ರಾಸಾಯನಿಕವು ಹೆಚ್ಚಾಗಿಯೇ ಇದ್ದಿತೆಂದು 1996ರಲ್ಲಿ ಗೊತ್ತಾಯಿತು. ಕ್ಯಾಲಿಫೋರ್ನಿಯದಲ್ಲಿ ಟ್ಯಾಲಿ ಬರಾಮ್ ಎಂಬ ವಿಜ್ಞಾನಿಯೂ ಇದಕ್ಕೆ ಹೋಲುವುದನ್ನು ಕಂಡಿದ್ದಾರೆ. ಗೂಡು ಕಟ್ಟಲು ಸಾಕಷ್ಟು ಸಾಮಗ್ರಿ ಕೊಡದಿದ್ದರೆ ತಾಯಿಲಿ ಮರಿಗಳನ್ನು ಬಿಟ್ಟು ಓಡಾಡುತ್ತಲೇ ಇರುತ್ತದೆ; ಅದರ ಆರೈಕೆ ಒಟ್ಟು ಹೊತ್ತಿನಲ್ಲಿ ಕಡಮೆಯಾಗದಿದ್ದರೂ ತುಂಡುತುಂಡಾಗುತ್ತದೆ; ಮರಿಗಳ ಮಿದುಳು ಇದರಿಂದಲೇ ಬಾಡುತ್ತದೆ. ತಾಯಿಯ ಸ್ವಭಾವದಲ್ಲಿ ಇಲ್ಲಿ ಯಾವ ಕೊರತೆಯೂ ಇಲ್ಲ. ಕೊರತೆ ಇರುವುದು ಅವಳ ಮನೆಯಲ್ಲಿ. ನಾಳಿನ ಕೂಲಿ ಇದೆಯೋ ಇಲ್ಲವೋ ಎಂಬ ಚಿಂತೆ, ಕುಡಿದು ಬರುವ ಗಂಡನ ಭಯ, ಸಾಲಗಾರನ ಕಾಟ ಇವು ತಾಯಿಯ ಮೂಲಕ ಹೇಗೆ ಮಗುವಿನ ಮಿದುಳನ್ನು ಮುಟ್ಟಬಲ್ಲುವೆಂಬುದನ್ನು ಈ ಪ್ರಯೋಗಗಳಿಂದ ನಾವು ಊಹಿಸಿಕೊಳ್ಳಬಹುದು.

ಭಯ ಬೇರೂರುವ ಬಗೆ

ಮೇಲೆ ಹೇಳಿದ ಅಮಿಗ್ಡಲದ ವಿಚಾರಕ್ಕೆ ಈಗ ಹಿಂದಿರುಗೋಣ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸುಮಂತ್ರ ಚಟರ್ಜಿ ಮತ್ತು ಸಹೋದ್ಯೋಗಿಗಳು ಬೆಳೆದ ಇಲಿಗಳನ್ನು ಹತ್ತು ದಿನ, ದಿನಕ್ಕೆ ಎರಡು ಗಂಟೆಯಂತೆ, ಅಲುಗದಂತೆ ಕಟ್ಟಿಹಾಕಿ ಪರೀಕ್ಷಿಸಿದರು. ಹಿಪ್ಪೊಕ್ಯಾಂಪಸ್ಸಿನ ನರಕೋಶಗಳ ಕವಲುಗಳು ಕುಗ್ಗಿದ್ದವು. ಅಮಿಗ್ಡಲದಲ್ಲಾದರೋ ಅವು ಇನ್ನಷ್ಟು ಹಬ್ಬಿದ್ದವು ಎಂದು 2002ರಲ್ಲಿ ಅವರು ಪ್ರಕಟಿಸಿದರು. ಇಪ್ಪತ್ತೊಂದು ದಿನಗಳ ವಿಶ್ರಾಂತಿ ಕೊಟ್ಟ ಮೇಲೂ ಅಮಿಗ್ಡಲದ ಹಬ್ಬುವಿಕೆ ತಗ್ಗಲಿಲ್ಲ. ಇಲಿಯ ಅಂಜಿಕೆಯೂ ಹೋಗಲಿಲ್ಲ ಎಂಬುದು 2004ರಲ್ಲಿ ಗೊತ್ತಾಯಿತು. ಸಮಾಧಾನಪಡಿಸುವ ಭಾಗ ಸೊರಗಿ, ಕೂಗಿ ಎಬ್ಬಿಸುವ ಭಾಗ ಕೊಬ್ಬಿದರೆ ಆಗುವುದೇನು? ಹಗ್ಗವನ್ನು ಕಂಡರೂ ಹಾವೆಂದು ಬೆಚ್ಚುವ ಸ್ಥಿತಿಯುಂಟಾಗುತ್ತದೆ. ಬೆಳೆದ ಪ್ರಾಣಿಯಲ್ಲಿಯೇ ಹೀಗಾದರೆ, ಇನ್ನೂ ಕಟ್ಟಿಕೊಳ್ಳುತ್ತಿರುವ ಮಿದುಳಿನಲ್ಲಿ ಒತ್ತಡವು ಎಷ್ಟು ಆಳಕ್ಕೆ ಇಳಿಯಬಹುದು!

ಹೊಡೆಯುವ ತಾಯಿತಂದೆಗಳನ್ನೇ ಮಗು ಬಿಗಿದಪ್ಪಿಕೊಳ್ಳುವುದನ್ನು ನಾವು ನೋಡಿ ಆಶ್ಚರ್ಯಪಟ್ಟಿರುತ್ತೇವೆ. ಅಮೆರಿಕದ ರೆಜಿನಾ ಸಲಿವನ್ ಅವರ ಪ್ರಯೋಗಗಳು ಇದರ ಮೇಲೆ ಬೆಳಕು ಚೆಲ್ಲುತ್ತವೆ. ಇಲಿಮರಿಗೆ ಒಂದು ವಾಸನೆಯನ್ನು ತೋರಿಸಿ ಒಡನೆಯೇ ಸಣ್ಣ ವಿದ್ಯುದಾಘಾತ ಕೊಟ್ಟರೆ, ಹುಟ್ಟಿ ಹತ್ತು ದಿನ ತುಂಬುವವರೆಗೆ ಮರಿ ಆ ವಾಸನೆಯಿಂದ ಓಡುವುದಿಲ್ಲ. ಅದರ ಕಡೆಗೇ ಹೋಗುತ್ತದೆ! ಆ ವಯಸ್ಸಿನಲ್ಲಿ ಭಯವನ್ನು ಕಲಿಯುವ ಅಮಿಗ್ಡಲ ಇನ್ನೂ ಕೆಲಸಕ್ಕೆ ತೊಡಗಿರುವುದಿಲ್ಲ. ಮುಂದೆ ಕೆಲವು ದಿನಗಳ ಕಾಲ ತಾಯಿ ಬಳಿಯಲ್ಲಿದ್ದರೆ ಸಾಕು, ಅಮಿಗ್ಡಲ ಸುಮ್ಮನಿರುತ್ತದೆ. ತಾಯಿಯಿಲ್ಲದೆ ಬದುಕಲಾರದ ಮರಿ ಅವಳು ಹೇಗೇ ಇದ್ದರೂ ಅವಳನ್ನು ಬಿಟ್ಟು ಓಡಬಾರದೆಂಬುದು ಪ್ರಕೃತಿಯ ಉಪಾಯವಿರಬೇಕು. ಆದರೆ ಒರಟು ಆರೈಕೆಯಲ್ಲಿ ಮರಿಯ ಒತ್ತಡದ ಹಾರ್ಮೋನು ಏರಿದಾಗ ಅಮಿಗ್ಡಲ ಅಕಾಲದಲ್ಲಿ ಎಚ್ಚತ್ತುಬಿಡುತ್ತದೆ. ಮನುಷ್ಯರಲ್ಲಿಯೂ ಇದಕ್ಕೆ ಸಾದೃಶ್ಯವಿದೆ. ಅನಾಥಾಲಯಗಳಿಂದ ದತ್ತು ಹೋದ ಮಕ್ಕಳಲ್ಲಿ ಅಮಿಗ್ಡಲಕ್ಕೂ ಅದನ್ನು ಹತೋಟಿಯಲ್ಲಿಡುವ ಮುಂಭಾಗದ ಮಿದುಳಿಗೂ ಇರುವ ಸಂಬಂಧವು ಬಾಲ್ಯದಲ್ಲಿಯೇ ಪ್ರಾಯದವರ ಮಾದರಿಯನ್ನು ತಳೆದಿತ್ತೆಂದು 2013ರ ಒಂದು ಅಧ್ಯಯನ ತೋರಿಸಿತು. ಕಾಯನ್ನು ಹಿಸುಕಿ ಹಣ್ಣು ಮಾಡಿದಂತೆ! ತಾಯಿಯ ಆಸರೆಯಿಲ್ಲದ ಮಗು ತನ್ನನ್ನು ತಾನೇ ಕಾಯ್ದುಕೊಳ್ಳಲು ಬೇಗ ಮಾಗಬೇಕಾಯಿತು.

ಬುಖಾರೆಸ್ಟಿನ ಮಕ್ಕಳು

ಮಾನವ ಶಿಶುಗಳ ಮೇಲೆ ಇಂಥ ಪ್ರಯೋಗಗಳನ್ನು ಮಾಡಬಾರದು. ಆದರೆ ರುಮೇನಿಯ ದೇಶದಲ್ಲಿ ಸರ್ಕಾರದ ನೀತಿಯೇ ಒಂದು ಘೋರ ಪರಿಸ್ಥಿತಿಯನ್ನು ತಂದೊಡ್ಡಿತ್ತು. ಜನಸಂಖ್ಯೆಯನ್ನು ಹೆಚ್ಚಿಸಬೇಕೆಂದು 1966ರಲ್ಲಿ ಚೌಷೆಸ್ಕುವಿನ ಸರ್ಕಾರವು ಗರ್ಭಪಾತವನ್ನು ಬಹುಮಟ್ಟಿಗೆ ನಿಷೇಧಿಸಿತು. ಸಾಕಲಾರದ ಬಡ ಕುಟುಂಬಗಳು ಮಕ್ಕಳನ್ನು ಸರ್ಕಾರಿ ಶಿಶುಗೃಹಗಳಿಗೆ ಒಪ್ಪಿಸಿದವು. 1989ರ ಡಿಸೆಂಬರಿನಲ್ಲಿ ಆ ಸರ್ಕಾರ ಉರುಳಿದಾಗ ಇಂಥ ಗೃಹಗಳಲ್ಲಿ ಒಂದು ಲಕ್ಷಕ್ಕೂ ಮೀರಿ ಮಕ್ಕಳಿದ್ದರು. ಸಾಲುಸಾಲು ತೊಟ್ಟಿಲುಗಳು, ಬದಲಾಗುತ್ತಲೇ ಇರುವ ದಾದಿಯರು, ಮೇಲ್ಛಾವಣಿಯನ್ನು ನೋಡುತ್ತ ಮಲಗಿದ ಶಿಶುಗಳು. ಅತ್ತರೂ ಯಾರೂ ಬಾರರೆಂದು ಕಲಿತಿದ್ದರಿಂದ ಆ ಕೋಣೆಗಳಲ್ಲಿ ಅಳುವಿನ ಸದ್ದೂ ಕಡಮೆಯಾಗಿತ್ತೆಂದು ನೋಡಿಬಂದವರು ಹೇಳಿದ್ದಾರೆ.

2000ದಲ್ಲಿ ಅಮೆರಿಕದ ವಿಜ್ಞಾನಿಗಳಾದ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಇವರು ರಾಜಧಾನಿಯಾದ ಬುಖಾರೆಸ್ಟಿನಲ್ಲಿ ಕೆಲಸವನ್ನಾರಂಭಿಸಿದರು. ಆರು ಶಿಶುಗೃಹಗಳಿಂದ 6ರಿಂದ 31 ತಿಂಗಳ ವಯಸ್ಸಿನ 136 ಮಕ್ಕಳನ್ನು ಆರಿಸಿಕೊಂಡು, ಚೀಟಿಯೆತ್ತುವಂತೆ 68 ಮಕ್ಕಳನ್ನು ಸಾಕುಕುಟುಂಬಗಳಿಗೆ ಕಳುಹಿಸಿದರು. ಉಳಿದ 68 ಮಕ್ಕಳ ಆರೈಕೆ ಮೊದಲಿನಂತೆಯೇ ಸಾಗಿತು. ಇದು ನ್ಯಾಯವೆ ಎಂಬ ಪ್ರಶ್ನೆ ಏಳುವುದು ಸಹಜ. ಅಂದು ಆ ನಗರದಲ್ಲಿ ಸಾಕುಕುಟುಂಬಗಳ ಏರ್ಪಾಟೇ ಇಲ್ಲವೆನ್ನುವಷ್ಟು ಕಡಮೆಯಿತ್ತು. ವಿಜ್ಞಾನಿಗಳೇ ಹಣ ಒದಗಿಸಿ 56 ಕುಟುಂಬಗಳನ್ನು ಸಿದ್ಧಪಡಿಸಬೇಕಾಯಿತು. ಎರಡನೆಯ ಗುಂಪಿನ ಯಾವ ಮಗುವಿಗೆ ಮುಂದೆ ಮನೆ ದೊರೆತರೂ ಅದನ್ನು ತಡೆಯಲಿಲ್ಲ.

ನಾಲ್ಕೂವರೆ ವರ್ಷದ ವಯಸ್ಸಿನಲ್ಲಿ ಶಿಶುಗೃಹದ ಗುಂಪಿನ ಬುದ್ಧಿಶಕ್ತಿಯ ಸರಾಸರಿ ಸೂಚ್ಯಂಕ ಸುಮಾರು 73. ಸಾಕುಮನೆಗಳಿಗೆ ಹೋದವರದು 81. ಸದಾ ತಮ್ಮ ಮನೆಗಳಲ್ಲಿಯೇ ಬೆಳೆದ ಬುಖಾರೆಸ್ಟಿನ ಇತರ ಮಕ್ಕಳದು 109. ಎಂದರೆ ಮನೆ ದೊರೆತುದರಿಂದ ಲಾಭವಾಯಿತು, ಆದರೆ ಹಾನಿ ಪೂರ್ತಿಯಾಗಿ ತುಂಬಲಿಲ್ಲ. ಸಾಕುಮನೆಯ ಮಕ್ಕಳಲ್ಲಿ ಆತಂಕ, ಖಿನ್ನತೆಗಳು ಕಡಮೆಯಾದವು. ಗಮನ ನಿಲ್ಲದ ಚಂಚಲತೆ ಮಾತ್ರ ಅಷ್ಟಾಗಿ ತಗ್ಗಲಿಲ್ಲ. ಮಿದುಳಿನ ಚಿತ್ರಗಳನ್ನು ತೆಗೆದಾಗ, ನರಕೋಶಗಳು ನೆಲಸಿರುವ ಬೂದುಭಾಗ ಎರಡು ಗುಂಪುಗಳಲ್ಲಿಯೂ ಕಡಮೆಯಿತ್ತು; ಕೋಶಗಳನ್ನು ಕೂಡಿಸುವ ತಂತುಗಳ ಬಿಳಿಯ ಭಾಗ ಸಾಕುಮನೆಯ ಮಕ್ಕಳಲ್ಲಿ ಚೇತರಿಸಿಕೊಂಡಿತ್ತು.

ಅತ್ಯಂತ ಮುಖ್ಯವಾಗಿ ಕಂಡುದು ಕಾಲದ ಮಹತ್ವ. ಎರಡು ವರ್ಷ ತುಂಬುವುದರೊಳಗೆ ಸಾಕುಮನೆ ಸೇರಿದ ಮಕ್ಕಳ ಮಿದುಳಿನ ವಿದ್ಯುತ್ ಚಟುವಟಿಕೆ ಎಂಟನೆಯ ವಯಸ್ಸಿಗೆ ಇತರ ಮಕ್ಕಳದರಂತೆಯೇ ಇದ್ದಿತು. ಅನಂತರ ಸೇರಿದವರದು ಹಾಗಿರಲಿಲ್ಲ. ಒತ್ತಡದ ಪ್ರತಿಕ್ರಿಯೆಯಲ್ಲಿಯೂ ಹೀಗೆಯೇ. ಶಿಶುಗೃಹದಲ್ಲಿ ಬೆಳೆದವರಿಗೆ ಹನ್ನೆರಡು ವರ್ಷದ ಸುಮಾರಿನಲ್ಲಿ ಕಷ್ಟದ ಪರೀಕ್ಷೆಯೊಂದನ್ನು ಒಡ್ಡಿದಾಗ ಅವರ ಕಾರ್ಟಿಸಾಲ್ ಏರಬೇಕಾದಷ್ಟು ಏರಲಿಲ್ಲ. ಸದಾ ಕೂಗಿ ದಣಿದ ಕಾವಲುಗಾರನ ಗಂಟಲು ಕಟ್ಟಿದಂತೆ! ಅತಿಯಾಗಿ ಉಕ್ಕುವುದೂ ಬತ್ತಿಹೋಗುವುದೂ ಎರಡೂ ತೂಬು ಕೆಟ್ಟಿರುವುದರ ಗುರುತೇ. ಬೇಗ ಮನೆ ಸೇರಿದ ಮಕ್ಕಳಲ್ಲಿ ಈ ಪ್ರತಿಕ್ರಿಯೆ ಸರಿಯಾಗಿತ್ತು.

ತಿದ್ದುವ ಕಾಲ

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?' ಎಂಬ ಗಾದೆ ಹಾಗಾದರೆ ಪೂರ್ತಿ ನಿಜವೆ? ಅರ್ಧ ನಿಜವೆನ್ನಬೇಕು. ರುಮೇನಿಯದಿಂದ, ಬಹುಮಟ್ಟಿಗೆ ಶಿಶುಗೃಹಗಳಿಂದ, ಇಂಗ್ಲೆಂಡಿಗೆ ದತ್ತು ಹೋದ 165 ಮಕ್ಕಳನ್ನು ಮೈಕೇಲ್ ರಟ್ಟರ್ ಮತ್ತು ಅವರ ಸಂಗಡಿಗರು ಪ್ರಾಯಕ್ಕೆ ಬರುವವರೆಗೆ ಗಮನಿಸಿದರು. ಆರು ತಿಂಗಳೊಳಗೆ ಶಿಶುಗೃಹವನ್ನು ಬಿಟ್ಟವರು ಇತರರಂತೆಯೇ ಬೆಳೆದರು. ಅದಕ್ಕಿಂತ ಹೆಚ್ಚು ಕಾಲ ಅಲ್ಲಿದ್ದವರಲ್ಲಿ ಅನೇಕರಿಗೆ ಗಮನದ ಕೊರತೆ, ಜನರೊಡನೆ ಬೆರೆಯಲಾರದ ತೊಂದರೆ ಮೊದಲಾದವು ಉಳಿದುಕೊಂಡವು. 2020ರಲ್ಲಿ ಪ್ರಕಟವಾದ ಅಳತೆಯ ಪ್ರಕಾರ ಅವರ ಮಿದುಳಿನ ಗಾತ್ರ ಇಂಗ್ಲೆಂಡಿನಲ್ಲಿಯೇ ಹುಟ್ಟಿ ದತ್ತು ಹೋದವರ ಮಿದುಳಿಗಿಂತ ಶೇಕಡಾ 8.6ರಷ್ಟು ಚಿಕ್ಕದಾಗಿತ್ತು. ಆದರೂ ಅಷ್ಟು ದೀರ್ಘಕಾಲ ಸಂಕಟವನ್ನುಂಡವರಲ್ಲಿಯೇ ಸುಮಾರು ಐದನೆಯ ಒಂದು ಭಾಗದವರಲ್ಲಿ ಯಾವ ತೊಂದರೆಯೂ ಕಾಣಲಿಲ್ಲ. ಆದಕಾರಣ ಒಂದು ಮಗುವಿನ ಪೂರ್ವಕಥೆಯನ್ನು ಕೇಳಿದ ಮಾತ್ರಕ್ಕೆ ಅದರ ಭವಿಷ್ಯವನ್ನು ಬರೆದುಬಿಡಲು ಯಾರಿಗೂ ಅಧಿಕಾರವಿಲ್ಲ.

ಇನ್ನೊಂದು ಆಶಾದಾಯಕ ಸಂಗತಿಯೂ ಇದೆ. ಶಿಶುಗೃಹಗಳಿಂದ ಅಮೆರಿಕದ ಕುಟುಂಬಗಳಿಗೆ ದತ್ತು ಬಂದ ಮಕ್ಕಳನ್ನು ಮಿನೆಸೋಟ ವಿಶ್ವವಿದ್ಯಾಲಯದ ಮೇಗನ್ ಗನ್ನರ್ ಪರೀಕ್ಷಿಸಿದರು. ಮಂದವಾಗಿದ್ದ ಅವರ ಕಾರ್ಟಿಸಾಲ್ ಪ್ರತಿಕ್ರಿಯೆ, ಪ್ರಾಯಕ್ಕೆ ಕಾಲಿಡುವ ಹೊತ್ತಿನಲ್ಲಿ ಇತರ ಮಕ್ಕಳದರ ಸಮೀಪಕ್ಕೆ ಬಂದಿತೆಂದು 2019ರಲ್ಲಿ ಪ್ರಕಟವಾಯಿತು. ಮಗುವಿನ ಸುತ್ತಲಿನ ಲೋಕ ಒಳ್ಳೆಯದಾಗಿ ಬದಲಾಗಿದ್ದರೆ, ಹರೆಯದಲ್ಲಿ ದೇಹವು ತನ್ನ ಅಳತೆಗೋಲನ್ನು ಇನ್ನೊಮ್ಮೆ ಸರಿಪಡಿಸಿಕೊಳ್ಳಬಲ್ಲದೆಂದು ಇದರಿಂದ ತೋರುತ್ತದೆ. ಹತ್ತು ಹನ್ನೆರಡು ವರ್ಷದ 'ಹಟಮಾರಿ', 'ಮೊಂಡ' ಎಂದು ಶಾಲೆಯಲ್ಲಿ ಹೆಸರುಗೊಂಡ ಹುಡುಗನಿಗೆ ಬೆತ್ತಕ್ಕಿಂತ ನಂಬಬಹುದಾದ ಒಬ್ಬ ಹಿರಿಯನ ಅಗತ್ಯ ಹೆಚ್ಚೆಂಬುದನ್ನು ಉಪಾಧ್ಯಾಯರು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಇವೆಲ್ಲವುಗಳಿಂದ ನಾವು ತಿಳಿಯಬೇಕಾದುದು ಇಷ್ಟು: ಎಳೆಯ ಮಗುವಿನ ಪಾಲಿಗೆ ಆರೈಕೆಯೂ ಹಾಲಿನಂತೆಯೇ ಒಂದು ಆಹಾರ, ಅದು ನಂಬುಗೆಯಿಂದ, ಅದೇ ಪರಿಚಿತ ಕೈಗಳಿಂದ, ದಿನದಿನವೂ ದೊರೆಯಬೇಕು. ಆ ಕೈಗಳು ತಾಯಿಯವೇ ಆಗಬೇಕೆಂಬ ನಿಯಮವಿಲ್ಲ; ಬುಖಾರೆಸ್ಟಿನ ಮಕ್ಕಳನ್ನು ಉಳಿಸಿದವರು ಹೆತ್ತವರಲ್ಲ. ಅಜ್ಜಿಯೋ ತಂದೆಯೋ ಅತ್ತೆಯೋ ಸಾಕುತಾಯಿಯೋ ಆಗಬಹುದು. ಆದರೆ ಆ ಕೈಗಳಿಗೆ ಬಿಡುವೂ ನೆಮ್ಮದಿಯೂ ಇರಬೇಕು, ಅದನ್ನು ಒದಗಿಸುವುದು ಮನೆಯೊಂದರ ಕೆಲಸವಷ್ಟೇ ಅಲ್ಲ. ಎರಡು ವರ್ಷದೊಳಗಿನ ಮಕ್ಕಳನ್ನು, ತೀವ್ರ ಅಂಗವೈಕಲ್ಯವಿದ್ದವರ ಹೊರತು, ಶಿಶುಗೃಹಗಳಿಗೆ ಸೇರಿಸಬಾರದೆಂದು ರುಮೇನಿಯ 2004ರಲ್ಲಿ ಶಾಸನ ಮಾಡಿತು. ಮಕ್ಕಳನ್ನು ಸಂಸ್ಥೆಗಳಿಗೆ ಸೇರಿಸುವುದು ಕಟ್ಟಕಡೆಯ ಉಪಾಯವಾಗಿರಬೇಕೆಂಬ ತತ್ತ್ವವನ್ನು ಭಾರತದ 2015ರ ಬಾಲನ್ಯಾಯ ಕಾಯಿದೆಯೂ ಅಂಗೀಕರಿಸಿ, ಸಾಕುಕುಟುಂಬಗಳಿಗೆ ಅವಕಾಶ ಕಲ್ಪಿಸಿದೆ. 2017ರ ತಿದ್ದುಪಡಿಯಿಂದ ಹೆರಿಗೆಯ ರಜೆ 26 ವಾರಗಳಿಗೆ ಏರಿದೆ. ಆದರೆ ಹೊಲಗಳಲ್ಲಿಯೂ ಕಟ್ಟಡದ ಕೆಲಸದಲ್ಲಿಯೂ ಮನೆಗೆಲಸದಲ್ಲಿಯೂ ದುಡಿಯುವ ಬಹುಸಂಖ್ಯೆಯ ತಾಯಂದಿರಿಗೆ ಆ ರಜೆ ದೊರೆಯುವುದಿಲ್ಲ. ಮರಳ ರಾಶಿಯ ಪಕ್ಕದಲ್ಲಿ ಕಂಬಕ್ಕೆ ಸೀರೆ ಕಟ್ಟಿ ಜೋಲಿ ಮಾಡಿ ಮಲಗಿಸಿದ ಮಗುವನ್ನು ನಮ್ಮ ಊರುಗಳಲ್ಲಿ ನಾವು ದಿನವೂ ಕಾಣುತ್ತೇವೆ. ಅದು ಎದ್ದು ಅತ್ತಾಗ, ತಲೆಯ ಮೇಲೆ ಇಟ್ಟಿಗೆ ಹೊತ್ತ ತಾಯಿಗೆ ಕೆಳಗಿಳಿದು ಬಂದು ಎತ್ತಿಕೊಳ್ಳಲು ಹತ್ತು ನಿಮಿಷದ ಬಿಡುವು ಇದೆಯೆ, ಇಲ್ಲವೆ ಹತ್ತಿರದಲ್ಲಿ ಒಂದು ಶಿಶುವಿಹಾರವೂ ಅಲ್ಲಿ ಮಗು ಗುರುತಿಸುವ ಒಬ್ಬ ಆಯಾ ಸಹ ಇದ್ದಾರೆಯೆ ಎಂಬುದನ್ನು ಕೆಲಸ ಕೊಡುವವರೂ ಪಂಚಾಯಿತಿಗಳೂ ಸರ್ಕಾರವೂ ಕೇಳಿಕೊಳ್ಳಬೇಕು. ಆ ಮಗುವಿನ ಮಿದುಳು ಕಟ್ಟಿಕೊಳ್ಳುವ ಕಾಲ ಇದೇ. ನಮ್ಮ ಅನುಕೂಲಕ್ಕಾಗಿ ಅದು ಕಾದು ನಿಲ್ಲುವುದಿಲ್ಲ.